ಅತ್ತೆ ಹಂಚಿದ ಕಾಯಿಲೆಗಳು

ನಮ್ಮ ಮನೆಯವರಿಗೆಲ್ಲ ಕಾಯಿಲೆ ಹಂಚಿದವರು ನಮ್ಮ ಅತ್ತೆ. ಅವರು ಡಾಕ್ಟರು. ಮನೆಯಲ್ಲೊಬ್ಬ ಡಾಕ್ಟರಿದ್ದರೆ ಬೇರೆಯವರಿಗೆ ಕಾಯಿಲೆ ವಾಸಿಯಾಗುತ್ತದಂತೆ. ನಮ್ಮಲ್ಲಿ ಮಾತ್ರ ಭಾನುವಾರ ಬೆಳಿಗ್ಗೆ ಇಡ್ಲಿ ತಿಂದು ಕೈ ತೊಳೆಯುವಷ್ಟರಲ್ಲಿ ಅಮ್ಮನಿಗೆ ಮಂಡಿನೋವು, ಚಿಕ್ಕಪ್ಪನಿಗೆ ಎದೆಯುರಿ, ನನಗೆ ತಲೆಸುತ್ತು ಗ್ಯಾರಂಟಿ. ಮಧ್ಯಾಹ್ನದ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಎಲ್ಲರೂ ಗುಣಮುಖ!

ವಿಷಯ ಇಷ್ಟೇ. ಅತ್ತೆ, ಅಂದರೆ ಅಪ್ಪನ ಅಕ್ಕ, ಒಂದು ಖಾಸಗಿ ಆಸ್ಪತ್ರೆಯಲ್ಲಿ ಫ್ಯಾಮಿಲಿ ಮೆಡಿಸಿನ್ ವಿಭಾಗದ ಮುಖ್ಯಸ್ಥೆ. ಎಂಬಿಬಿಎಸ್ ಮುಗಿಸಿದವರಿಗೆ ಒಂದು ಪಿ.ಜಿ. ಕೋರ್ಸು, ಅದರ ಮೇಲೊಂದು ಫೆಲೋಶಿಪ್ಪು, ಎರಡನ್ನೂ ಅವರೇ ನಡೆಸುತ್ತಿದ್ದರು. ಫ್ಯಾಮಿಲಿ ಮೆಡಿಸಿನ್ ಅಂದರೇನು ಎಂದು ನಾನು ಕೇಳಿದ್ದಕ್ಕೆ, "ಹಾರ್ಟಿನೋರು ಹಾರ್ಟ್ ನೋಡ್ತಾರೆ, ಕಿಡ್ನಿಯೋರು ಕಿಡ್ನಿ ನೋಡ್ತಾರೆ. ಅವೆರಡನ್ನೂ ಹೊತ್ಕೊಂಡು ಬಸ್ಸಲ್ಲಿ ಬಂದೋರನ್ನ ನಾವು ನೋಡ್ತೀವಿ" ಅಂದಿದ್ದರು. ಹೀಗೇ ಅಂದರೇ, ಅಥವಾ ಇಷ್ಟು ವರ್ಷದಲ್ಲಿ ನಾನೇ ಆ ಮಾತನ್ನು ಉಜ್ಜಿ ಉಜ್ಜಿ ಹೊಳಪು ಮಾಡಿದೆನೇ? ಖಾತ್ರಿಯಿಲ್ಲ.

ರೋಗಿಗಳ ಜೊತೆ ಮಾತಾಡುವುದನ್ನು ವಿದ್ಯಾರ್ಥಿಗಳಿಗೆ ಕಲಿಸಲು ಅತ್ತೆಗೆ ಸುಳ್ಳು ರೋಗಿಗಳು ಬೇಕಿತ್ತು. ಅದಕ್ಕೆಂದು ನಟರನ್ನು ಯಾವ ಆಸ್ಪತ್ರೆ ಕೊಡುತ್ತದೆ? ಅತ್ತೆ ಸುತ್ತ ಕಣ್ಣಾಡಿಸಿದರು. ನಾವಿದ್ದೆವು. ಭಾನುವಾರ ನಾವೆಲ್ಲ ಸೇರುತ್ತಿದ್ದ, ಶ್ರೀನಗರ ಬಡಾವಣೆಯ ಅವರ ಮನೆಯ ಹಾಲಿನಲ್ಲಿ ಎರಡು ಕುರ್ಚಿ ಎದುರುಬದುರು ಹಾಕಿದರೆ ಕ್ಲಿನಿಕ್ ತಯಾರು. ನಮ್ಮನ್ನು ಒಬ್ಬೊಬ್ಬರನ್ನಾಗಿ ಅಡುಗೆಮನೆಗೆ ಕರೆದು, ಹೇಳಿಕೊಳ್ಳಬೇಕಾದ ಕಾಯಿಲೆ ಒಂದನ್ನೂ ಅದರ ಹಿಂದೆ ಬಚ್ಚಿಡಬೇಕಾದ ಚಿಂತೆ ಒಂದನ್ನೂ ಕಿವಿಯಲ್ಲಿ ಊದುತ್ತಿದ್ದರು. "ನೀನು ಕತ್ರಿಗುಪ್ಪೆಲಿ ಬೇಕರಿ ಇಟ್ಟಿದ್ದೀಯ. ಎದೆಯುರಿ. ಎದುರುಗಡೆನೇ ಇನ್ನೊಂದು ಬೇಕರಿ ಬಂದಿದೆ. ಅವರಾಗೇ ಕೇಳೋ ತನಕ ಅದನ್ನ ಬಾಯಿ ಬಿಡಬೇಡ."

ಅಪ್ಪ ಒಂದೇ ಸಲ ರೋಗಿಯಾಗಿ, ಡಾಕ್ಟರ ಹತ್ತಿರ ಸುಳ್ಳು ಹೇಳುವುದು ತನ್ನಿಂದಾಗದು ಎಂದು ಪೇಪರಿನ ಹಿಂದೆ ಮರೆಯಾದರು. ಬ್ಯಾಂಕಿನಲ್ಲಿದ್ದ ಚಿಕ್ಕಪ್ಪ ಮಾತ್ರ ಹುಟ್ಟುನಟ. ಒಮ್ಮೆ ಎದೆಯುರಿಯ ಪಾತ್ರ ಸಪ್ಪೆಯೆನಿಸಿ ಕುರ್ಚಿಯಿಂದ ಕೆಳಕ್ಕೆ ಬಿದ್ದೇಬಿಟ್ಟರು. ಗಾಬರಿಯಾದ ವಿದ್ಯಾರ್ಥಿ ಎರಡೂ ಕೈಯಿಂದ ಎದೆ ಒತ್ತತೊಡಗಿದ. ಚಿಕ್ಕಪ್ಪ ಒಂದು ಕಣ್ಣು ತೆರೆದು, "ಅಕ್ಕಾ, ಇವನು ನಿಜವಾಗ್ಲೂ ಒತ್ತುತಾ ಇದಾನೆ" ಅಂದರು.

"ಒತ್ತಲಿ ಬಿಡು. ನೀನು ಸತ್ತಿದ್ದೀಯ, ಮಾತಾಡಬೇಡ" ಅಂದರು ಅತ್ತೆ.

ಅಮ್ಮನ ಕಷ್ಟ ಬೇರೆ. ಅವಳಿಗೆ ಕೊಟ್ಟದ್ದು ಬಾಯೇ ಬಿಡದ ಹೆಂಗಸಿನ ಪಾತ್ರ. ಕೂತ ಕೂಡಲೇ ಅವಳು, "ನಿನ್ನ ಊರು ಯಾವುದಪ್ಪ? ಹಾಸ್ಟೆಲಲ್ಲಿ ಊಟ ಸರಿಯಾಗಿ ಹಾಕ್ತಾರಾ?" ಎಂದು ಶುರು ಮಾಡಿದಳು. ಸ್ವಲ್ಪ ಹೊತ್ತಿಗೆ ಆ ಹುಡುಗ ತನ್ನ ಮುರಿದುಬಿದ್ದ ಮದುವೆ ಮಾತುಕತೆಯನ್ನೆಲ್ಲ ಅವಳ ಮುಂದೆ ಹರವಿದ. ಅತ್ತೆ ಕನ್ನಡಕ ತೆಗೆದು, "ಇಲ್ಲಿ ಯಾರು ಯಾರಿಗೆ ಫೀಸು ಕೊಡಬೇಕು?" ಎಂದು ಕೇಳಿದರು.

ಇದರಿಂದ ನನಗಾದ ನಷ್ಟವೊಂದಿದೆ. ನಾಲ್ಕನೇ ಕ್ಲಾಸಿನಲ್ಲಿ ಪ್ರೇಯರಿಗೆ ನಿಂತಾಗ ನಾನು ತಲೆಸುತ್ತಿ ಬಿದ್ದದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಅಮ್ಮ, "ನೀನೆಲ್ಲಿ ಬಿದ್ದೆ? ಅದು ಅತ್ತೆ ಹೇಳಿಕೊಟ್ಟಿದ್ದು" ಅನ್ನುತ್ತಾಳೆ. ಚಿಕ್ಕಪ್ಪನ ಪ್ರಕಾರ ಅದು ತಮ್ಮ ಪಾತ್ರ! ಬಾಲ್ಯದ ಯಾವ ನೋವು ನನ್ನದು, ಯಾವುದು ಭಾನುವಾರದ್ದು, ಈಗ ಬೇರ್ಪಡಿಸಲಾರೆ.

ಹೀಗೆ ಬಹಳ ವರ್ಷ ನಡೆಯಿತು. ಆಮೇಲೆ ಅತ್ತೆಯ ಕೋರ್ಸಿಗೆ ಬರುವವರೇ ಕಮ್ಮಿಯಾದರು. ಎಲ್ಲರಿಗೂ ಒಂದೊಂದು ಅಂಗ ಬೇಕು, ಇಡೀ ಮನುಷ್ಯ ಯಾರಿಗೆ ಬೇಕು? ಸೀಟುಗಳು ಖಾಲಿ ಬಿದ್ದವು. ಈ ವರ್ಷವೂ ಯಾರೂ ಉಳಿಯದಿದ್ದರೆ ಪಿ.ಜಿ., ಫೆಲೋಶಿಪ್ಪು ಎರಡನ್ನೂ, ಅವುಗಳ ಜೊತೆ ವಿಭಾಗವನ್ನೂ ಮುಚ್ಚುತ್ತೇವೆ ಎಂದು ಆಸ್ಪತ್ರೆಯ ಆಡಳಿತದವರು ಹೇಳಿಬಿಟ್ಟರು. ಆ ವರ್ಷ ಬಂದವಳು ಒಬ್ಬಳೇ, ಹಿರಿಯೂರಿನ ಹುಡುಗಿ. ಅವಳೂ ಮೊದಲ ದಿನವೇ, "ಮೇಡಂ, ಕೌನ್ಸೆಲಿಂಗ್ ಮುಂದಿನ ರೌಂಡಲ್ಲಿ ಸ್ಕಿನ್ ಸ್ಪೆಷಲಿಸ್ಟ್ ಸೀಟ್ ಸಿಕ್ಕಿದ್ರೆ ಹೋಗ್ಬಿಡ್ತೀನಿ" ಎಂದು ನೇರವಾಗಿ ಹೇಳಿದ್ದಳು.

ಆ ಮುಂದಿನ ರೌಂಡಿನೊಳಗೆ ಅವಳನ್ನು ಹೇಗಾದರೂ ಒಲಿಸಿಕೊಳ್ಳಬೇಕೆಂದು ನಾವು ಅತ್ತೆಗೆ ತಿಳಿಯದಂತೆ ಸಂಚು ಹೂಡಿದೆವು. ಅವಳಿಗೆ ಈ ವಿದ್ಯೆ ಸುಲಭ ಅನಿಸಬೇಕು, ತಾನು ಭಾರಿ ಡಾಕ್ಟರು ಅನಿಸಬೇಕು. ಚಿಕ್ಕಪ್ಪ ಕುರ್ಚಿಯಲ್ಲಿ ಕೂರುತ್ತಲೇ, "ಎದೆಯುರಿ ಡಾಕ್ಟ್ರಮ್ಮ, ಎದುರುಗಡೆ ಬೇಕರಿ ಬಂದಾಗಿಂದ" ಅಂದರು. ಅಮ್ಮ, "ನಿದ್ದೆ ಬರಲ್ಲ, ಕಾರಣ ನನ್ನ ಸೊಸೆ" ಅಂದಳು. ನನಗಿನ್ನೂ ಮದುವೆಯೇ ಆಗಿರಲಿಲ್ಲ. ನಾನಂತೂ ರೋಗದ ಹೆಸರನ್ನೂ ಮಾತ್ರೆಯ ಹೆಸರನ್ನೂ ಸೇರಿಸಿ ಒಪ್ಪಿಸಿದೆ.

ಮೂರನೆಯ ಭಾನುವಾರ ಅತ್ತೆ ನಮ್ಮನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದರು. "ನಾಳೆ ನಿಜವಾದ ಪೇಷೆಂಟು ಹೀಗೆ ಬಂದು ಒಪ್ಪಿಸ್ತಾನಾ? ಅವಳನ್ನ ಉಳಿಸ್ಕೊಳ್ಳೋಕೆ ಅವಳನ್ನೇ ಹಾಳು ಮಾಡ್ತಿದ್ದೀರಲ್ಲ."

"ಇಲ್ದಿದ್ರೆ ಹೋಗ್ಬಿಡ್ತಾಳೆ ಅತ್ತಿಗೆ" ಅಂದಳು ಅಮ್ಮ.

"ಹೋಗೋದಾದ್ರೆ ಕಲ್ತು ಹೋಗ್ಲಿ."

ಅಂದಿನಿಂದ ನಾವು ಮತ್ತೆ ಕಲ್ಲಿನಂಥ ರೋಗಿಗಳಾದೆವು. ಹುಡುಗಿ ಬೆವರಿದಳು, ತಡವರಿಸಿದಳು, ಒಂದು ಸಲ ಅತ್ತೂಬಿಟ್ಟಳು. ಆಮೇಲಾಮೇಲೆ ಪ್ರಶ್ನೆ ಕೇಳುವುದನ್ನು ಕಲಿತಳು. ಅದಕ್ಕಿಂತ ಹೆಚ್ಚಾಗಿ ಕೇಳದೆ ಇರುವುದನ್ನು.

ಒಂದು ಭಾನುವಾರ ಅವಳು ಸ್ವೀಟ್ ಬಾಕ್ಸ್ ಹಿಡಿದು ಬಂದಳು. "ಮೇಡಂ, ಸ್ಕಿನ್ ಸಿಕ್ತು. ಮಂಗಳೂರು."

"ಒಳ್ಳೇದಾಯ್ತು ಕಣಮ್ಮ" ಅಂದರು ಅತ್ತೆ. ಸ್ವೀಟನ್ನು ಎಲ್ಲರಿಗೂ ತಾವೇ ಹಂಚಿದರು. ಹುಡುಗಿ ಹೊರಡದೆ ನಿಂತೇ ಇದ್ದಳು. "ಸರಿ, ಬಂದಿದ್ದೀಯ. ಒಂದು ಕೇಸ್ ನೋಡ್ಕೊಂಡು ಹೋಗು" ಎಂದ ಅತ್ತೆ, ಯಾರನ್ನೂ ಅಡುಗೆಮನೆಗೆ ಕರೆಯದೆ ರೋಗಿಯ ಕುರ್ಚಿಯಲ್ಲಿ ತಾವೇ ಕೂತರು.

"ಹೇಳಿ, ಏನು ತೊಂದರೆ?"

"ನಿದ್ದೆ ಬರಲ್ಲ."

"ಯಾವಾಗಿಂದ?"

"ಇವತ್ತಿಂದ ಶುರುವಾಗಬಹುದು."

ಚಿಕ್ಕಪ್ಪ ನಕ್ಕರು. ಹುಡುಗಿ ನಗಲಿಲ್ಲ.

"ಏನು ಕೆಲಸ ಮಾಡ್ತೀರಿ ಅಮ್ಮ?"

"ಪಾಠ ಹೇಳ್ತಿದ್ದೆ. ಇನ್ನು ಕೇಳೋರಿಲ್ಲ."

ಹುಡುಗಿ ಪೆನ್ನು ಕೆಳಗಿಟ್ಟಳು. ಕ್ಷಮಿಸಿ ಎನ್ನಲಿಲ್ಲ, ಸಮಾಧಾನ ಹೇಳಲಿಲ್ಲ. ಒಳಗೆ ಕುಕ್ಕರ್ ಕೂಗಿತು, ಅಮ್ಮ ಏಳಲಿಲ್ಲ. ಅತ್ತೆ ಸೀರೆಯ ಸೆರಗಿನ ಅಂಚನ್ನೇ ನೋಡುತ್ತಿದ್ದರು. ಹುಡುಗಿ ಕುರ್ಚಿಯನ್ನು ಒಂದಿಷ್ಟು ಮುಂದಕ್ಕೆ ಎಳೆದುಕೊಂಡಳು. ಎಷ್ಟೋ ಹೊತ್ತಿನ ಮೇಲೆ ಅತ್ತೆ, ನಾವು ಯಾರೂ ಕೇಳಿರದ ಸಣ್ಣ ದನಿಯಲ್ಲಿ, "ನಾಳೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಲಿ ಗೊತ್ತಾಗ್ತಿಲ್ಲ ಕಣೇ" ಅಂದರು.

ಅದು ನಟನೆಯೇ? "ನಮ್ಮೆಲ್ಲರನ್ನೂ ಮೀರಿಸಿಬಿಟ್ಟಳು ಅಕ್ಕ" ಎಂದು ಚಿಕ್ಕಪ್ಪ ಇವತ್ತಿಗೂ ಹೇಳುತ್ತಾರೆ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ. ಇಷ್ಟನ್ನು ಮಾತ್ರ ನಂಬುತ್ತೇನೆ. ಹುಡುಗಿ ಕಾಲಿಗೆ ನಮಸ್ಕರಿಸಿ ಹೋದಳು. ಅತ್ತೆ ಆ ಕುರ್ಚಿಯಿಂದ ಏಳಲಿಲ್ಲ. ಅಮ್ಮ ಅನ್ನ ಸಾರು ಕಲಸಿದ ತಟ್ಟೆ ಹಿಡಿದು ಬಂದು, ಎದುರಿನ ಖಾಲಿ ಕುರ್ಚಿಯಲ್ಲಿ ಕೂತಳು. ಜೀವಮಾನದಲ್ಲಿ ಮೊದಲ ಸಲ ಏನನ್ನೂ ಕೇಳದೆ, ಅತ್ತೆ ತಲೆಯೆತ್ತುವ ತನಕ ಕಾದಳು.