ಶ್ರೀರಂಗಮ್ಮನವರ ಇಟಲಿ ಉಂಡೆ

ಸುಬ್ಬರಾಮಯ್ಯ: ಇದು ಕೊನೇ ಸಲ ಕೇಳ್ತಿರೋದು. ನನ್ನ ಮಡಿ ಉತ್ತರೀಯ ಎಲ್ಲೇ?

ಶ್ರೀರಂಗಮ್ಮ: ನಾನೂ ಕೊನೇ ಸಲ ಹೇಳ್ತಿರೋದು. ಅದು ಕೆಲಸದ ಮೇಲಿದೆ.

ಸುಬ್ಬರಾಮಯ್ಯ: ಉತ್ತರೀಯಕ್ಕೆ ಎಂಥ ಕೆಲಸ? ಹೊದ್ದುಕೊಳ್ಳೋ ನಾನೇ ರಿಟೈರಾಗಿ ಏಳು ವರ್ಷ ಆಯ್ತು.

ಶ್ರೀರಂಗಮ್ಮ: ಅದಕ್ಕೇ. ನೀವಂತೂ ಸುಮ್ಮನೆ ಕೂತಿದೀರಿ, ಅದಾದ್ರೂ ದುಡೀಲಿ ಅಂತ ಹಚ್ಚಿದೀನಿ.

ಬೇಲೂರಿನಲ್ಲಿ ಇವರ ಪಕ್ಕದ ಮನೆ ನಮ್ಮದು. ಇವರ ಅಡಿಗೆಮನೆ ಕಿಟಕಿಗೂ ನಮ್ಮ ಹಿತ್ತಿಲ ಕಿಟಕಿಗೂ ನಡುವೆ ಮೂರೇ ಮೊಳ. ಕದ್ದು ಕೇಳುವ ಅಭ್ಯಾಸ ನನಗಿಲ್ಲ, ಆದರೆ ಇಲ್ಲಿ ಕೇಳದೆ ಇರುವುದಕ್ಕೇ ಶ್ರಮ ಬೇಕು. ಸುಬ್ಬರಾಮಯ್ಯನವರು ಮೂವತ್ತೆಂಟು ವರ್ಷ ದೇವಸ್ಥಾನದ ಅಡಿಗೆಮನೆಯಲ್ಲಿ ಸಿಹಿ ಪೊಂಗಲ್ ಮಾಡಿದವರು. ಅದನ್ನು ತಿಂದವರು ಅರಸೀಕೆರೆಯಿಂದ ಹಳೇಬೀಡಿನವರೆಗೂ ಇದ್ದಾರೆ. ಅವರೆಲ್ಲ ಒಂದಲ್ಲ ಒಂದು ದಿನ ಮನೆಗೆ ಬಂದು, ಜಗಲಿಯಲ್ಲಿ ಕೂತು, ಪೊಂಗಲನ್ನು ಹೊಗಳಿ, ಕಾಫಿ ಕುಡಿದು ಹೋಗಿದ್ದಾರೆ. ಕಾಫಿ ಮಾಡಿಕೊಟ್ಟವರು ಶ್ರೀರಂಗಮ್ಮ. ಕಾಫಿಯನ್ನು ಯಾರೂ ಹೊಗಳಿದ್ದು ನಾನು ಕೇಳಿಲ್ಲ. ಸುಳ್ಳೇಕೆ, ನಾನೂ ಹೊಗಳಿಲ್ಲ.

ನಿನ್ನೆಯಿಂದ ಸುಬ್ಬರಾಮಯ್ಯನವರಿಗೆ ಅಡಿಗೆಮನೆ ಪ್ರವೇಶ ನಿಷಿದ್ಧ. ಈಗ ಉತ್ತರೀಯದ ನೆಪ ಮಾಡಿಕೊಂಡು ಹೊಸಿಲು ದಾಟಿದರು. ದಾಟಿದ್ದೇ ತಡ, ನಲ್ಲಿ ಕಂಡಿತು. ನಲ್ಲಿಯ ಕತ್ತಿಗೆ ಬಿಗಿದ ಬಿಳಿ ಬಟ್ಟೆ, ಬಟ್ಟೆಯೊಳಗೆ ತೆಂಗಿನಕಾಯಿ ಗಾತ್ರದ ಗಂಟು, ಗಂಟಿನಿಂದ ಕೆಳಗಿನ ಪಾತ್ರೆಗೆ ತೊಟತೊಟ ನೀರು.

ಸುಬ್ಬರಾಮಯ್ಯ: ಅಯ್ಯಯ್ಯೋ! ಏನೇ ಇದು? ಉತ್ತರೀಯದಲ್ಲಿ ಮೊಸರು ಕಟ್ಟಿದೀಯಾ?

ಶ್ರೀರಂಗಮ್ಮ: ಮತ್ತೇನು, ರೇಷ್ಮೆ ಸೀರೇಲಿ ಕಟ್ಟಕ್ಕಾಗತ್ತಾ? ಗಂಜಿ ಹಾಕದ ಶುದ್ಧ ಬಟ್ಟೆ ಈ ಮನೇಲಿ ಅದೊಂದೇ ಇದ್ದಿದ್ದು.

ಸುಬ್ಬರಾಮಯ್ಯ: ಅದರ ತುದೀಲಿ ನಾನು...

ಶ್ರೀರಂಗಮ್ಮ: ತುದಿ ಗಿದಿ ಎಲ್ಲ ಆಮೇಲೆ. ಐದು ಗಂಟೆಗೆ ಮಹಿಳಾ ಸಮಾಜದಲ್ಲಿ ಸ್ಪರ್ಧೆ. ನಾಲ್ಕೂವರೆಗೆ ದಿವ್ಯಾ ಬರ್ತಾಳೆ ತಟ್ಟೆ ತೊಗೊಂಡು ಹೋಗಕ್ಕೆ. ಈಗ ಎರಡೂವರೆ. ಜರುಗಿ ಆ ಕಡೆ.

ಸುಬ್ಬರಾಮಯ್ಯ: ಸ್ಪರ್ಧೆಗೆ ಮೊಸರು ಮಾಡ್ತಿದೀಯಾ?

ಶ್ರೀರಂಗಮ್ಮ: ತಿರಾಮಿಸು ಟ್ರಫಲ್.

ಸುಬ್ಬರಾಮಯ್ಯ: ಏನಂದೆ?

ಶ್ರೀರಂಗಮ್ಮ: ಇಟಲಿ ದೇಶದ ಸಿಹಿ. ಕಾಫಿ ಹಾಕಿ ಉಂಡೆ ಕಟ್ಟೋದು. ಹೇಳಿ ನೋಡೋಣ, ತಿರಾಮಿಸು.

ಸುಬ್ಬರಾಮಯ್ಯ: ತಿರು... ತಿರುಮ... ಬೇಡ ಬಿಡು. ಅದ್ಯಾಕೆ ಅಂಥದ್ದಕ್ಕೆ ಕೈ ಹಾಕಿದೆ? ನಿನ್ನ ಪುಳಿಯೋಗರೆ ಇಲ್ವಾ? ಹೋದ ವರ್ಷ ಮೊದಲನೇ ಬಹುಮಾನ ಬಂತಲ್ಲ.

ಇದನ್ನು ಅವರು ಹೇಳಬಾರದಿತ್ತು. ಶ್ರೀರಂಗಮ್ಮ ಕೈಯಲ್ಲಿದ್ದ ರಸ್ಕನ್ನು ಕಟ್ ಅಂತ ಮುರಿದರು.

ಶ್ರೀರಂಗಮ್ಮ: ಬಂತು. ಮೈಕಲ್ಲಿ ಏನು ಹೇಳಿದ್ರು ಜ್ಞಾಪಕ ಇದೆಯಾ? "ಸುಬ್ಬರಾಮಯ್ಯನವರ ಮನೆ ಪುಳಿಯೋಗರೆ ಅಂದ್ಮೇಲೆ ಕೇಳಬೇಕಾ! ಅವರ ಕೈಗುಣವೇ ಕೈಗುಣ!" ಅಂದ್ರು. ಎಲ್ರೂ ನಿಮ್ಮ ಕಡೆ ತಿರುಗಿ ಚಪ್ಪಾಳೆ ಹೊಡೆದ್ರು. ಗೊಜ್ಜು ಕುದಿಸಿದ್ದು ನಾನು. ಹುಣಸೇಹಣ್ಣು ಕಿವುಚಿದ್ದು ನಾನು. ನೀವು ಮೂರನೇ ಸಾಲಲ್ಲಿ ಕೂತು ತೂಕಡಿಸ್ತಿದ್ರಿ.

ಸುಬ್ಬರಾಮಯ್ಯ: ನಾನೇನು ಚಪ್ಪಾಳೆ ಹೊಡೀರಿ ಅಂದ್ನಾ?

ಶ್ರೀರಂಗಮ್ಮ: ಹೊಡೀಬೇಡಿ ಅಂತಾನೂ ಅನ್ಲಿಲ್ಲ. ಎದ್ದು ನಿಂತು ಕೈ ಮುಗಿದ್ರಿ!

ಸುಬ್ಬರಾಮಯ್ಯ: ಚಪ್ಪಾಳೆ ಸದ್ದಿಗೆ ಎಚ್ಚರ ಆಯ್ತು ಕಣೇ. ಮಂಗಳಾರತಿ ಅಂದ್ಕೊಂಡೆ.

ಶ್ರೀರಂಗಮ್ಮ: ಅದಕ್ಕೇ ಈ ವರ್ಷ ನಿಮ್ಮ ಬಾಯಲ್ಲಿ ಹೆಸರೂ ಹೊರಡದಂಥದ್ದು ಹುಡುಕಿದೀನಿ. ಇಟಲಿಗೂ ನಿಮಗೂ ಏನು ಸಂಬಂಧ? ಏನೂ ಇಲ್ಲ. ಇದೊಂದು ನನ್ನದು. ಪೂರ್ತಿ ನನ್ನದು. ನೀವು ಮುಟ್ಟಕೂಡದು, ಹದ ಹೇಳಕೂಡದು, ಉಸ್ ಅನ್ನಕೂಡದು. ನಿಲ್ಲಬೇಕು ಅಂದ್ರೆ ಕೈ ಹಿಂದಕ್ಕೆ ಕಟ್ಕೊಂಡು ನಿಂತ್ಕೊಳ್ಳಿ.

ಹೋಗಬಹುದಾಗಿತ್ತು ಸುಬ್ಬರಾಮಯ್ಯನವರು. ಆದರೆ ಅಡಿಗೆ ನಡೆಯುವ ಜಾಗ ಬಿಟ್ಟು ಹೋಗುವ ಕಾಲು ಅವರಿಗೆ ದೇವರು ಕೊಟ್ಟಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು, ತಡವಾಗಿ ಬಂದ ಶಾಲೆ ಹುಡುಗನಂತೆ ಬಾಗಿಲ ಪಕ್ಕ ನಿಂತರು. ಶ್ರೀರಂಗಮ್ಮ ರಸ್ಕನ್ನೆಲ್ಲ ಮಿಕ್ಸಿಗೆ ಹಾಕಿ ಪುಡಿ ಮಾಡಿದರು. ಬೆಳಿಗ್ಗೆಯೇ ಇಳಿಸಿಟ್ಟಿದ್ದ ಡಿಕಾಕ್ಷನ್ ತೆಗೆದರು.

ಸುಬ್ಬರಾಮಯ್ಯ: ಮಧ್ಯಾಹ್ನದ ಕಾಫಿಗೆ ಇಟ್ಟಿರೋ ಡಿಕಾಕ್ಷನ್ ಅಲ್ವಾ ಅದು?

ಶ್ರೀರಂಗಮ್ಮ: ಆಗಿತ್ತು. ಈಗಲ್ಲ.

ಸುಬ್ಬರಾಮಯ್ಯ: ನನಗೆ?

ಶ್ರೀರಂಗಮ್ಮ: ಎರಡನೇ ಡಿಕಾಕ್ಷನ್ ಇದೆ.

ಸುಬ್ಬರಾಮಯ್ಯ: ನಲವತ್ತೆರಡು ವರ್ಷದಲ್ಲಿ ಒಂದು ದಿನಾನಾದ್ರೂ ನನಗೆ ಎರಡನೇ ಡಿಕಾಕ್ಷನ್ ಕೊಟ್ಟಿದೀಯೇನೇ?

ಶ್ರೀರಂಗಮ್ಮ: ಇಲ್ಲ. ನಲವತ್ತೆರಡು ವರ್ಷದಿಂದ ಅದನ್ನ ನಾನೇ ಕುಡೀತಿದೀನಿ. ಸಾಯಲ್ಲ, ಕುಡೀರಿ.

ಸುಬ್ಬರಾಮಯ್ಯನವರಿಗೆ ಈ ಸಂಗತಿ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಹೆಂಡತಿಯ ಕಾಫಿ ಲೋಟವನ್ನು ಮೊದಲ ಸಲ ಕಂಡವರಂತೆ ನೋಡಿದರು. ಆದರೆ ಅಡಿಗೆಯವರ ಸಂಕಟ ಬಹಳ ಹೊತ್ತು ಇರುವುದಿಲ್ಲ, ಕಣ್ಣ ಮುಂದೆ ಯಾರಾದರೂ ಅಡಿಗೆ ಮಾಡುತ್ತಿದ್ದರಂತೂ ಇರುವುದೇ ಇಲ್ಲ.

ಸುಬ್ಬರಾಮಯ್ಯ: ಅಲ್ವೇ, ಇಟಲಿಯೋರು ಮೊಟ್ಟೆ ಗಿಟ್ಟೆ ಏನಾದ್ರೂ...

ಶ್ರೀರಂಗಮ್ಮ: ಹಾಕ್ತಾರೆ. ಹೆಂಡಾನೂ ಹಾಕ್ತಾರೆ. ನಾನು ಎರಡೂ ಬಿಟ್ಟಿದೀನಿ. ಅಲ್ಲಿ ಗಟ್ಟಿ ಚೀಸ್ ಥರದ್ದೊಂದು ಹಾಕ್ತಾರಂತೆ. ನಮ್ಮೂರ ಅಂಗಡಿಯವನು ಹಾಸನದಲ್ಲಿ ಕೇಳಿ ಅಂದ, ಹಾಸನದವನು ಬೆಂಗಳೂರಲ್ಲಿ ಕೇಳಿ ಅಂದ. ಮಾದಿಹಳ್ಳಿ ಜಾನಕಮ್ಮನ ಎಮ್ಮೆ ಮೊಸರು ಬಾಗಿಲಿಗೇ ಬಂತು. ನೀರು ಇಳಿಸಿ, ಕೆನೆ ಸೇರಿಸಿ ನಾದಿದ್ರೆ ಅದೇ ಆಗತ್ತೆ.

ಸುಬ್ಬರಾಮಯ್ಯ: ಹಾಗಾದ್ರೆ ಅದು ಇಟಲಿ ಹೇಗಾಯ್ತು? ಮೊಸರು ಮಾದಿಹಳ್ಳೀದು, ಕಾಫಿ ನಮ್ಮನೇದು, ರಸ್ಕು ಬಸ್ ಸ್ಟ್ಯಾಂಡಿಂದು.

ಶ್ರೀರಂಗಮ್ಮ: ಮನಸ್ಸು ಇಟಲೀದು. ಸುಮ್ಮನಿರಿ.

ನಲ್ಲಿಯಿಂದ ಗಂಟು ಬಿಚ್ಚಿ ಮೊಸರನ್ನು ಬೇಸಿನ್ನಿಗೆ ಹಾಕಿದರು. ಉತ್ತರೀಯ ಒದ್ದೆ ಮುದ್ದೆಯಾಗಿ ಸಿಂಕಿನಲ್ಲಿ ಬಿತ್ತು. ಕೆನೆ, ಸಕ್ಕರೆ ಪುಡಿ, ರಸ್ಕಿನ ಪುಡಿ ಎಲ್ಲ ಸೇರಿಸಿ, ಮೇಲೆ ಡಿಕಾಕ್ಷನ್ ಹುಯ್ದರು. ಹುಯ್ಯುತ್ತಲೇ ಇದ್ದರು. ಬಾಗಿಲ ಬಳಿ ಸುಬ್ಬರಾಮಯ್ಯನವರು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಹಾಕಿದರು.

ಸುಬ್ಬರಾಮಯ್ಯ: ನಾನು ಹೇಳಲ್ಲ.

ಶ್ರೀರಂಗಮ್ಮ: ಹೇಳ್ಬೇಡಿ.

ಸುಬ್ಬರಾಮಯ್ಯ: ಹೇಳಲ್ಲ ಅಂದ್ನಲ್ಲ. ಆದ್ರೆ ಅದು ನೀರಾಯ್ತು.

ಶ್ರೀರಂಗಮ್ಮ: ಗೊತ್ತು. ಬೇಕಂತಲೇ ಹಾಕಿದೆ.

ಸುಬ್ಬರಾಮಯ್ಯ: ಬೇಕಂತ ಹಾಕಿದ್ರೂ ನೀರು ನೀರೇ.

ಇನ್ನು ನಾಲ್ಕು ರಸ್ಕು ಪುಡಿಯಾಗಿ ಬೇಸಿನ್ನಿಗೆ ಬಿದ್ದವು. ಹಿಟ್ಟು ಗಟ್ಟಿಯಾಯಿತು. ಶ್ರೀರಂಗಮ್ಮ ನೆಲ್ಲಿಕಾಯಿ ಗಾತ್ರಕ್ಕೆ ಒಂದೊಂದೇ ಉಂಡೆ ಕಟ್ಟಿ, ಕೋಕೋ ಪುಡಿಯಲ್ಲಿ ಹೊರಳಿಸಿ ತಟ್ಟೆಯಲ್ಲಿ ಜೋಡಿಸತೊಡಗಿದರು.

ಸುಬ್ಬರಾಮಯ್ಯ: ಇಷ್ಟು ಚಿಕ್ಕದಾ? ಇರುವೆಗಳಿಗೇನಾದ್ರೂ ಸ್ಪರ್ಧೆ ಇಟ್ಟಿದಾರಾ?

ಶ್ರೀರಂಗಮ್ಮ: ನಿಮ್ಮ ಕೈ ಯಾಕ್ರೀ ಆಡ್ತಿದೆ?

ಸುಬ್ಬರಾಮಯ್ಯ: ಎಲ್ಲಿ?

ಶ್ರೀರಂಗಮ್ಮ: ಬೆನ್ನ ಹಿಂದೆ! ಗಾಳೀಲಿ ಉಂಡೆ ಕಟ್ತಿದೀರಿ!

ಸುಬ್ಬರಾಮಯ್ಯ: ಗಾಳಿಗೂ ನಿನ್ನ ಅಪ್ಪಣೆ ಬೇಕಾ? ಹೋಗಲಿ, ರುಚಿ ಏನಾದ್ರೂ ನೋಡಿದ್ಯಾ?

ಶ್ರೀರಂಗಮ್ಮ: ನೀವು ಮೂವತ್ತೆಂಟು ವರ್ಷ ರುಚಿ ನೋಡಿ ಮಾಡಿದ್ರಾ? ನೈವೇದ್ಯದ ಅಡಿಗೆ ಮಾಡೋರ ಮನೇಲಿ ಅಡಿಗೆ ಮಾಡ್ತಾ ಬಾಯಿಗಿಟ್ಟು ನನಗೂ ಅಭ್ಯಾಸ ಇಲ್ಲ.

ಸುಬ್ಬರಾಮಯ್ಯ: ರುಚಿ ಬೇಡ, ವಾಸನೆ ನೋಡ್ತೀನಿ. ಅಡಿಗೆಯೋನಿಗೆ ಅಷ್ಟು ಸಾಕು. ವಾಸನೆಗೇನು ಕೈ ಬೇಕಾ?

ಕೈ ಹಿಂದೆ ಕಟ್ಟಿಕೊಂಡೇ ಬಂದು ತಟ್ಟೆಯ ಮೇಲೆ ಬಗ್ಗಿದರು. ಒಮ್ಮೆ ಮೂಸಿದರು. ಇನ್ನೊಮ್ಮೆ ಮೂಸಿದರು. ಮುಖ ಅರಳಿತು, ಮರುಕ್ಷಣ ಗಾಬರಿಯಾಯಿತು.

ಸುಬ್ಬರಾಮಯ್ಯ: ಇಟಲಿಯೋರು ಇದಕ್ಕೆ ಪಚ್ಚಕರ್ಪೂರ ಹಾಕ್ತಾರಾ?

ಶ್ರೀರಂಗಮ್ಮ: ಯಾಕ್ ಹಾಕ್ತಾರೆ? ಅದು ನಿಮ್ಮ ಪೊಂಗಲ್‌ಗೆ ಹಾಕೋದು.

ಸುಬ್ಬರಾಮಯ್ಯ: ಮತ್ತೆ ಇದರಲ್ಲಿ ಗಮ್ ಅಂತಿದೆಯಲ್ಲ.

ಶ್ರೀರಂಗಮ್ಮ: (ಉಂಡೆ ಕೆಳಗಿಟ್ಟು) ಹಾಕಿದ್ರಿ. ನಾನು ಕೋಕೋ ಪುಡಿ ತರಕ್ಕೆ ನಡುಮನೆಗೆ ಹೋದಾಗ ಹಾಕಿದ್ರಿ!

ಸುಬ್ಬರಾಮಯ್ಯ: ಭಗವಂತನಾಣೆ ಇಲ್ಲ ಕಣೇ!

ಶ್ರೀರಂಗಮ್ಮ: ಇದೊಂದಾದ್ರೂ ನನ್ನದು ಅಂತ ಇಟ್ಕೋತೀನಿ ಅಂದ್ರೆ ಅದಕ್ಕೂ ನಿಮ್ಮ ಮುದ್ರೆ ಒತ್ತಿಬಿಟ್ರಲ್ಲ! ಒಂದು ಚಿಟಿಕೆ ತಡ್ಕೊಳ್ಳಕ್ಕಾಗ್ಲಿಲ್ವಾ?

ಸುಬ್ಬರಾಮಯ್ಯ: ನನ್ನ ಹತ್ರ ಪಚ್ಚಕರ್ಪೂರ ಎಲ್ಲಿದೆ ಹಾಕಕ್ಕೆ? ಇದ್ದಿದ್ದೊಂದು ಚೂರು ಉತ್ತರೀಯದ ತುದೀಲಿ ಗಂಟು ಕಟ್ಟಿ ಇಟ್ಟಿದ್ದೆ, ಯಾವಾಗ್ಲೂ ಇಡೋ ಹಾಗೆ. ಅದನ್ನೇ ಆಗ ಹೇಳಕ್ಕೆ ಬಂದೆ, ನೀನು ತುದಿ ಗಿದಿ ಆಮೇಲೆ ಅಂದೆ...

ಇಬ್ಬರೂ ಒಟ್ಟಿಗೆ ಸಿಂಕಿನ ಕಡೆ ತಿರುಗಿದರು. ಶ್ರೀರಂಗಮ್ಮ ಒದ್ದೆ ಉತ್ತರೀಯವನ್ನು ಬಿಡಿಸಿ ತುದಿಯ ಗಂಟು ಬಿಚ್ಚಿದರು. ಗಂಟಿನಲ್ಲಿ ಏನೂ ಇರಲಿಲ್ಲ. ರಾತ್ರಿಯೆಲ್ಲ ಮೊಸರಿನ ಜೊತೆಗಿದ್ದು ಕರಗಿ ಹೋಗಿತ್ತು.

ಶ್ರೀರಂಗಮ್ಮ: ನನಗೆ ವಾಸನೇನೇ ಗೊತ್ತಾಗ್ಲಿಲ್ಲವಲ್ರೀ.

ಸುಬ್ಬರಾಮಯ್ಯ: ಹೇಗೆ ಗೊತ್ತಾಗತ್ತೆ? ನಲವತ್ತೆರಡು ವರ್ಷದಿಂದ ನನ್ನ ಮೈಯಿಂದಲೇ ಆ ವಾಸನೆ ಬರ್ತಿದೆ.

ಶ್ರೀರಂಗಮ್ಮ ಮಣೆಯ ಮೇಲೆ ಕುಸಿದು ಕೂತರು. ಕೈಯೆಲ್ಲ ಕೋಕೋ. ಕಣ್ಣಲ್ಲಿ ನೀರು. ತಟ್ಟೆಯಲ್ಲಿ ಮೂವತ್ತೆರಡು ಉಂಡೆ ಮುದ್ದಾಗಿ ಕೂತಿದ್ದವು. ನನಗೆ ನಿಜವಾಗಿಯೂ ಪಾಪ ಅನ್ನಿಸಿತು, ಹೋಗಿ ಏನಾದರೂ ಹೇಳೋಣವೆಂದುಕೊಂಡೆ. ಆದರೆ ಹೋದರೆ ಇಷ್ಟು ಹೊತ್ತು ಕೇಳಿಸಿಕೊಂಡದ್ದನ್ನೂ ಒಪ್ಪಿಕೊಳ್ಳಬೇಕಾಗುತ್ತಿತ್ತು.

ಶ್ರೀರಂಗಮ್ಮ: ಹೋಯ್ತು. ಬಾಯಿಗಿಟ್ಟ ತಕ್ಷಣ ಎಲ್ರೂ ನಿಮ್ಮ ಹೆಸರೇ ಹೇಳ್ತಾರೆ. ಇನ್ನೊಂದು ಸಲ ಮಾಡಕ್ಕೆ ಮೊಸರೂ ಇಲ್ಲ, ಹೊತ್ತೂ ಇಲ್ಲ.

ಸುಬ್ಬರಾಮಯ್ಯ: ಅಳಬೇಡ್ವೇ. ನಾನೇ ಹೇಳ್ತೀನಿ, ನಾನು ಮಾಡಿದ್ದಲ್ಲ ಅಂತ.

ಶ್ರೀರಂಗಮ್ಮ: ನೀವು ಅಲ್ಲ ಅಂದಷ್ಟೂ, ಎಂಥ ದೊಡ್ಡ ಮನಸ್ಸು, ಹೆಂಡತಿಗೆ ಬಿಟ್ಟುಕೊಡ್ತಿದಾರೆ ಅಂತಾರೆ. ಅದೂ ನಿಮಗೇ ಜಮಾ.

ಹೊರಗೆ ಆಟೋ ನಿಂತಿತು. ಬಂದವಳು ದಿವ್ಯಾ, ಮಹಿಳಾ ಸಮಾಜದ ಕಾರ್ಯದರ್ಶಿ, ಹಗರೆಯ ಹುಡುಗಿ. ಅವಳ ಬಾಯಿಗೆ ಬಿದ್ದ ಮಾತು ಸಂಜೆಯೊಳಗೆ ಊರೆಲ್ಲ ಸುತ್ತಿಬರುತ್ತದೆ.

ದಿವ್ಯಾ: ಅಮ್ಮಾ, ಆಯ್ತಾ? ಬಿರ್ರನೆ ಬರ್ರಿ, ಆಟೋ ಕಾಯ್ತೈತೆ. ಅಯ್ಯೋ, ಎಷ್ಟು ಚೆನ್ನಾಗವೆ! ಇದೊಂದು ಸ್ವಲ್ಪ ಚಪ್ಪಟೆ ಐತೆ, ತಟ್ಟೇಲಿ ಚೆಂದ ಕಾಣಲ್ಲ, ನಾನೇ ತಿಂದ್ಬಿಡ್ತೀನಿ.

ಬೇಡ ಎನ್ನುವುದರೊಳಗೆ ಉಂಡೆ ಬಾಯಿ ಸೇರಿತು. ದಿವ್ಯಾ ಕಣ್ಣು ಮುಚ್ಚಿದಳು.

ದಿವ್ಯಾ: ಅಯ್ನೋರೇ! ದೇವಸ್ಥಾನ ಸುತ್ಕೊಂಡು ಬಂದಂಗಾಯ್ತು. ಮೊದ್ಲು ಕಾಫಿ, ಹಿಂದೆಲೇ ಪ್ರಸಾದ! ನಿಮ್ಮ ಕೈಗುಣ ಎಲ್ಲಿಗೋಯ್ತದೆ!

ಶ್ರೀರಂಗಮ್ಮ ಗೋಡೆ ಕಡೆ ತಿರುಗಿದರು.

ಸುಬ್ಬರಾಮಯ್ಯ: ನನ್ನದಲ್ಲಮ್ಮ. ನಾನು ಮುಟ್ಟೇ ಇಲ್ಲ.

ದಿವ್ಯಾ: ನಿಮ್ದು ಎಂಥ ದೊಡ್ಡ ಮನಸ್ಸು ಬಿಡಿ. ಅಮ್ಮೋರಿಗೆ ಬಿಟ್ಕೊಡ್ತೀರ.

ಶ್ರೀರಂಗಮ್ಮ ಗಂಡನ ಕಡೆ ಒಂದು ನೋಟ ಬೀರಿದರು. ಅದರಲ್ಲಿ ಎಲ್ಲವೂ ಇತ್ತು. ಸುಬ್ಬರಾಮಯ್ಯನವರಿಗೆ ಎಲ್ಲಿಲ್ಲದ ರೋಷ ಬಂತು. ಕಟ್ಟಿಕೊಂಡಿದ್ದ ಕೈ ಬಿಚ್ಚಿ ನಿಂತರು.

ಸುಬ್ಬರಾಮಯ್ಯ: ದೊಡ್ಡ ಮನಸ್ಸೂ ಇಲ್ಲ, ಚಿಕ್ಕ ಮನಸ್ಸೂ ಇಲ್ಲ! ಇದರ ಹೆಸರೇ ನನಗೆ ಬರಲ್ಲ. ಕಾಫಿಗೆ ಪಚ್ಚಕರ್ಪೂರ ಸೇರಿಸೋದು ನನ್ನ ತಲೆಗೆ ಏಳು ಜನ್ಮಕ್ಕೂ ಹೊಳೀತಿರ್ಲಿಲ್ಲ. ಸೇರಿಸಿದೋಳು ಅವಳು! ಪಚ್ಚಕರ್ಪೂರದ ಹದ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು!

ದಿವ್ಯಾ ಅಗಿಯುವುದನ್ನು ನಿಲ್ಲಿಸಿದಳು.

ದಿವ್ಯಾ: ನಿಮಗಿಂತಾನಾ?

ಸುಬ್ಬರಾಮಯ್ಯ: ನನಗಿಂತ! ನೂರು ಸಲ ಬೇಕಾದ್ರೂ ಹೇಳ್ತೀನಿ, ನನಗಿಂತ!

ದಿವ್ಯಾ: ಹಂಗಾದ್ರೆ ಅಮ್ಮಾ, ಇಷ್ಟು ವರ್ಷ ದೇವಸ್ಥಾನದ ಪೊಂಗಲ್‌ಗೆ ಹದ ಹೇಳಿಕೊಡ್ತಿದ್ದೋರು ನೀವೇನಾ?

ಅಲ್ಲ ಎನ್ನಲಿ ಎಂದು ಸುಬ್ಬರಾಮಯ್ಯನವರು ಹೆಂಡತಿಯ ಕಡೆ ನೋಡಿದರು. ಶ್ರೀರಂಗಮ್ಮ ನಿಧಾನವಾಗಿ ಎದ್ದರು. ಕೈ ತೊಳೆದರು. ಸೆರಗು ಸರಿಮಾಡಿಕೊಂಡರು. ತಟ್ಟೆಯ ಮೇಲೆ ಬಾಳೆಲೆ ಮುಚ್ಚಿದರು.

ಶ್ರೀರಂಗಮ್ಮ: ಅದೆಲ್ಲ ಈಗ್ಯಾಕಮ್ಮ. ಆಟೋ ಕಾಯ್ತಿದೆ, ನಡಿ.

ದಿವ್ಯಾ: ಅಬ್ಬಬ್ಬಾ! ಇವತ್ತು ಮೈಕಲ್ಲಿ ನಾನೇ ಹೇಳ್ತೀನಿ ಇರ್ರಿ!

ತಟ್ಟೆ ಹಿಡಿದು ದಿವ್ಯಾ ಓಡಿದಳು. ನಾನು ನಮ್ಮ ಜಗಲಿಗೆ ಬರುವಷ್ಟರಲ್ಲಿ ಶ್ರೀರಂಗಮ್ಮ ತಮ್ಮ ಜಗಲಿಯಲ್ಲಿ ಚಪ್ಪಲಿ ಮೆಟ್ಟುತ್ತಿದ್ದರು. ಸುಬ್ಬರಾಮಯ್ಯನವರು ಅವರ ಹಿಂದೆಯೇ ಬಂದರು.

ಸುಬ್ಬರಾಮಯ್ಯ: ಏನೇ ಇದು! ಅಲ್ಲ ಅಂತ ಒಂದು ಮಾತು ಹೇಳಬಾರದಾಗಿತ್ತಾ?

ಶ್ರೀರಂಗಮ್ಮ: ಹೌದು ಅಂತ ನಾನೆಲ್ಲಿ ಅಂದೆ?

ಸುಬ್ಬರಾಮಯ್ಯ: ಸುಮ್ಮನೆ ನಿಂತಿದ್ಯಲ್ಲ!

ಶ್ರೀರಂಗಮ್ಮ: ಹೂಂ. ಸುಮ್ಮನೆ ನಿಲ್ಲೋದ್ರಲ್ಲಿ ಇಷ್ಟು ಸುಖ ಇದೆ ಅಂತ ನೀವು ಇಷ್ಟು ವರ್ಷ ಹೇಳ್ಲೇ ಇಲ್ವಲ್ರೀ!