ಮಗು ಮಿಸುಕಾಡಿದ್ದರೆ ಒಂದು ಒತ್ತಿ

ಮೆಲ್ಲಣ್ಣನ ಫೋನು ಬಕೆಟ್ಟಿನ ನೀರಿಗೆ ಬಿದ್ದು ಎದ್ದ ಮೇಲೆ ಒಂದು ಹಟ ಹಿಡಿದಿತ್ತು. ಕಿವಿಗಿಟ್ಟುಕೊಂಡರೆ ತುಟಿಪಿಟಕ್ಕೆನ್ನದು. ಸ್ಪೀಕರಿನಲ್ಲಿ ಮಾತ್ರ ಮಾತಾಡುವುದು, ಅದೂ ಜಗಳಕ್ಕೆ ಬಂದವರ ಹಾಗೆ. ಬೇರೆಯವರಿಗಾದರೆ ಇದು ದೊಡ್ಡ ಸಂಗತಿಯಲ್ಲ. ಮೆಲ್ಲಣ್ಣ ಕೆಲಸ ಮಾಡುತ್ತಿದ್ದುದು ಗ್ರಂಥಾಲಯದಲ್ಲಿ. ಕೌಂಟರಿನಲ್ಲಿ ಕೂತು ಪುಸ್ತಕಕ್ಕೆ ಮುದ್ರೆ ಒತ್ತುವುದು ಅವನ ಕೆಲಸದ ಅರ್ಧ ಭಾಗವಾದರೆ, ಯಾರು ಪಿಸುಗುಟ್ಟಿದರೂ ಕಣ್ಣಲ್ಲೇ ಗದರುವುದು ಇನ್ನರ್ಧ. ದನಿಯೂ ಅದಕ್ಕೆ ತಕ್ಕಂತಿತ್ತು. ಅವನು "ಮುಂದಿನವರು ಬನ್ನಿ" ಅಂದರೆ ಮುಂದಿನವರು "ಏನಂದ್ರಿ?" ಎಂದು ಬಗ್ಗುತ್ತಿದ್ದರು. ಆ ಹೆಸರು ಬಂದದ್ದೇ ಹಾಗೆ.

ಮದುವೆಯ ವಯಸ್ಸು ಎದುರಿಗೆ ಬಂದು, ನಮಸ್ಕಾರ ಹೇಳಿ, ದಾಟಿ ಹೋಗುತ್ತಿದ್ದರೂ ಮೆಲ್ಲಣ್ಣ ಒಂಟಿ. ಗಾಜಿನ ಬಾಗಿಲಿನಾಚೆ ಮಕ್ಕಳ ವಿಭಾಗದ ಮೇಡಂ ಕತೆ ಓದಿ ಹೇಳುವಾಗ, ಈಚೆ ಕೂತ ಇವನು ಒಂದೇ ಪುಸ್ತಕಕ್ಕೆ ಎರಡು ಸಲ ಮುದ್ರೆ ಒತ್ತುತ್ತಿದ್ದ. ಇವತ್ತು ಸಂಜೆ ಅವಳನ್ನು ಕಾಫಿಗೆ ಕರೆದೇ ತೀರುವುದೆಂದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಆಡಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ.

ಓದುವವರ ಮೇಜುಗಳೆಲ್ಲ ತುಂಬಿದ ಹೊತ್ತಿಗೆ ಫೋನು ಬಡಿದುಕೊಂಡಿತು. ಅವಸರದಲ್ಲಿ ಬಂದ್ ಮಾಡಲು ಹೋಗಿ ಎತ್ತಿಬಿಟ್ಟ.

"ಮಗುವಿನ ತಂದೆಯವರೇ, ನಮಸ್ಕಾರ," ಎಂದಿತು ಒಂದು ಹೆಣ್ಣು ದನಿ, ಕೊನೆಯ ಕಪಾಟಿನವರೆಗೂ. "ನಿಮ್ಮ ಮನೆಯವರು ಬೆಳಿಗ್ಗೆಯಿಂದ ನಮ್ಮ ಕರೆ ಸ್ವೀಕರಿಸಿಲ್ಲ. ಆದ್ದರಿಂದ ನಿಮಗೆ ಕರೆ ಮಾಡುತ್ತಿದ್ದೇವೆ. ತಾಯಿಗೆ ಏಳು ತಿಂಗಳು ತುಂಬಿದೆ. ಇವತ್ತು ಹೊಟ್ಟೆಯಲ್ಲಿ ಮಗು ಮಿಸುಕಾಡಿದ್ದರೆ ಒಂದು ಒತ್ತಿ. ಮಿಸುಕಾಡದಿದ್ದರೆ ಎರಡು ಒತ್ತಿ."

ಪುಟ ತಿರುವುವ ಸದ್ದೂ ನಿಂತಿತು. ಮೆಲ್ಲಣ್ಣ ಕರೆ ಕತ್ತರಿಸಿದ. ಅದು ಮತ್ತೆ ಬಂತು. ಮತ್ತೆ ಕತ್ತರಿಸಿದ. ಮತ್ತೆ ಬಂತು. ದಿನವಿಡೀ ಪತ್ರಿಕೆ ಹಿಡಿದು ಕೂರುವ ಪೇಪರ್ ತಾತ ಎದ್ದು ಕೌಂಟರಿಗೇ ಬಂದರು.

"ಇದು ಹೊಸ ಪದ್ಧತಿ ಕಣಯ್ಯ, ಪೇಪರಲ್ಲಿ ಓದಿದೀನಿ. ಬಸುರಿಯರು ಆಸ್ಪತ್ರೆ ಬಾಗಿಲಲ್ಲಿ ಸಾಲು ನಿಲ್ಲೋದೇ ಬೇಡ, ಆಸ್ಪತ್ರೆಯವರೇ ದಿನಾ ಫೋನ್ ಮಾಡಿ ವಿಚಾರಿಸ್ತಾರೆ. ಅವಳು ಎತ್ತಲಿಲ್ಲ ಅಂದ್ರೆ ಗಂಡನಿಗೆ ಮಾಡ್ತಾರೆ."

"ತಾತ, ನನಗೆ ಹೆಂಡ್ತೀನೇ ಇಲ್ಲ."

"ಸರಿ, ಹೆಂಡ್ತಿ ಇಲ್ಲ ಅಂದ್ರೆ ಮಗು ಇಲ್ಲ. ಮಗು ಇಲ್ಲ ಅಂದ್ಮೇಲೆ ಮಿಸುಕಾಡಿಲ್ಲ. ಎರಡು ಒತ್ತು, ತಾನಾಗೇ ಸುಮ್ಮನಾಗುತ್ತೆ."

ತಾತನ ಲೆಕ್ಕದಲ್ಲಿ ತಪ್ಪು ಕಾಣಲಿಲ್ಲ. ಮೆಲ್ಲಣ್ಣ ಎರಡು ಒತ್ತಿದ.

"ಗಾಬರಿಯಾಗಬೇಡಿ," ಎಂದಿತು ಫೋನು. "ನಮ್ಮ ನರ್ಸ್ ಈಗಲೇ ಹೊರಡುತ್ತಾರೆ. ಅಲ್ಲಿಯವರೆಗೆ ತಾಯಿ ಎಡ ಮಗ್ಗುಲಿಗೆ ಮಲಗಿರಲಿ."

ಅಷ್ಟು ಕೇಳಿದ್ದೇ ತಾತ ಪಕ್ಷ ಬದಲಿಸಿದರು. "ಅಲ್ಲಯ್ಯ, ಮಗು ಮಿಸುಕಾಡ್ತಿಲ್ಲ ಅಂತ ಒತ್ತಿಬಿಟ್ಟು ಕಲ್ಲಿನ ಹಾಗೆ ಕೂತಿದೀಯಲ್ಲ. ಮನೆಗೆ ಓಡು."

"ನೀವೇ ಒತ್ತು ಅಂದ್ರಲ್ಲ ತಾತ."

"ನಾನು ಹೇಳಿದ್ದು ಹೆಂಡ್ತಿ ಇಲ್ಲದವನಿಗೆ."

ಅಷ್ಟರಲ್ಲಿ ಓದುಗರು ಕೌಂಟರಿನ ಸುತ್ತ ನೊಣಗಳಂತೆ ಮುತ್ತಿದ್ದರು. ಯಾರೋ ನೀರು ಕುಡಿಸಿದರು. ಯಾರೋ ತೆರಿಗೆ ಕಾನೂನಿನ ದಪ್ಪ ಪುಸ್ತಕದಿಂದ ಗಾಳಿ ಬೀಸಿದರು. ತನ್ನ ನಾದಿನಿಗೂ ಹೀಗೇ ಆಗಿತ್ತು, ಏನೂ ಆಗಲ್ಲ ಎಂದು ಒಬ್ಬಾಕೆ ಬೆನ್ನು ಸವರಿದಳು. ಗುಂಪಿನ ಹಿಂದೆ ಗಾಜಿನ ಬಾಗಿಲು ತೆರೆದು ಮಕ್ಕಳ ವಿಭಾಗದ ಮೇಡಂ ನಿಂತಿದ್ದಳು.

"ಏಳು ತಿಂಗಳಾ?" ಎಂದಳು. "ನೀವು ಹೇಳಲೇ ಇಲ್ಲ."

"ಹೇಳೋಕೆ ಏನೂ ಇಲ್ಲ ಮೇಡಂ."

"ಏನೂ ಇಲ್ಲವಾ," ಎಂದು ಅವಳು ನಿಟ್ಟುಸಿರು ಬಿಟ್ಟ ರೀತಿಗೆ ಮೆಲ್ಲಣ್ಣನ ಬಾಯಿಪಾಠವೆಲ್ಲ ಅಳಿಸಿಹೋಯಿತು.

ಸ್ವಲ್ಪ ಹೊತ್ತಿಗೆ ಆಸ್ಪತ್ರೆಯ ಪುಟ್ಟ ಕಾರು ಬಂದು ನಿಂತಿತು. ಚೀಲ ಹೆಗಲಿಗೇರಿಸಿಕೊಂಡ ನರ್ಸ್ ಒಳಗೆ ಬಂದು "ಮಗುವಿನ ತಂದೆ ಯಾರು?" ಅಂದದ್ದೇ ತಡ, ಇಡೀ ಗ್ರಂಥಾಲಯ ಮೆಲ್ಲಣ್ಣನತ್ತ ಬೆರಳು ತೋರಿಸಿತು. ಅದೇ ಹೊತ್ತಿಗೆ ಹಿಂದಿನ ಉಗ್ರಾಣದಿಂದ ಗ್ರಂಥಪಾಲಕರು ತಲೆಯ ಮೇಲೆ ಜೇಡರ ಬಲೆ, ಕೈಯಲ್ಲಿ ಒಂದಷ್ಟು ಪುಸ್ತಕ ಹೊತ್ತು ಹೊರಬಂದರು. ಕೂದಲು ಹಣ್ಣಾಗುತ್ತಿದ್ದ, ಮುಖ ಮಾತ್ರ ಎಂದೂ ಹಣ್ಣಾಗದ ಮನುಷ್ಯ. ಸದ್ದು ಮಾಡುವ ವಸ್ತುವೆಂದು ಜೀವಮಾನದಲ್ಲಿ ಒಂದು ಮೊಬೈಲನ್ನೂ ಇಟ್ಟುಕೊಂಡವರಲ್ಲ.

"ಇದೇನು, ಬಸ್ ನಿಲ್ದಾಣವಾ?" ಎಂದರು. "ಮಾತಾಡೋದಿದ್ರೆ ನನ್ನ ಕೋಣೆಗೆ ಬನ್ನಿ." ನರ್ಸನ್ನೂ ಮೆಲ್ಲಣ್ಣನನ್ನೂ ಒಳಗೆ ಕರೆದು ಬಾಗಿಲು ಹಾಕಿದರು.

"ನಿಮ್ಮ ಮನೆಗೆ ಹೋಗಿದ್ದೆ ಸಾರ್," ಎಂದಳು ನರ್ಸ್ ಮೆಲ್ಲಣ್ಣನಿಗೆ. "ಎಷ್ಟು ಬಾಗಿಲು ಬಡಿದ್ರೂ ಯಾರೂ ತೆಗೀಲಿಲ್ಲ. ಗಂಡನ ಕೆಲಸ ಗ್ರಂಥಾಲಯದಲ್ಲಿ ಅಂತ ಬರೆದಿತ್ತು, ಅದಕ್ಕೇ ಇಲ್ಲಿಗೆ ಬಂದೆ."

"ನಮ್ಮನೇಲಿ ಬೀಗ ಬಿಟ್ರೆ ಯಾರೂ ಇಲ್ಲ ಸಿಸ್ಟರ್."

"ತಮಾಷೆ ಮಾಡೋ ಹೊತ್ತಲ್ಲ ಇದು. ನೀರಿನ ಟ್ಯಾಂಕ್ ಹಿಂದೆ, ಹಸಿರು ಗೇಟಿನ ಮನೆ. ತಾಯಿ ಫೋನ್ ಎತ್ತುತ್ತಿಲ್ಲ. ನೀವು ನೋಡಿದ್ರೆ ಮಗು ಮಿಸುಕಾಡಿಲ್ಲ ಅಂತ ಒತ್ತಿದೀರಿ."

ಗ್ರಂಥಪಾಲಕರ ಕೈಯಲ್ಲಿದ್ದ ಪುಸ್ತಕಗಳು ಧೊಪ್ಪನೆ ಬಿದ್ದವು. ಆ ಕೋಣೆಯಲ್ಲಿ ಅಷ್ಟು ದೊಡ್ಡ ಸದ್ದು ಹಿಂದೆಂದೂ ಆಗಿರಲಿಲ್ಲ.

"ಮಿಸುಕಾಡಿಲ್ಲವಾ?" ಎಂದರು. "ಅದು... ಅದು ನನ್ನ ಮನೆ. ನಡೀರಿ. ಏ, ನೀನೂ ಬಾರಯ್ಯ, ನನ್ನ ಕಾಲು ನಿಲ್ತಿಲ್ಲ."

ಹೀಗೆ ಮೆಲ್ಲಣ್ಣನ ಹೆಗಲು ಹಿಡಿದು ಗ್ರಂಥಪಾಲಕರು ಕಾರಿಗೆ ಓಡಿದ್ದನ್ನು ಎಲ್ಲರೂ ನೋಡಿದರು. ಯಾರು ಯಾರನ್ನು ಹಿಡಿದುಕೊಂಡಿದ್ದರು ಎಂಬುದು ದೂರದಿಂದ ತಿಳಿಯುವಂತಿರಲಿಲ್ಲ. "ಎಷ್ಟು ಒಳ್ಳೆಯವರು ನೋಡಿ, ಗುಮಾಸ್ತನ ಹೆಂಡ್ತಿಗೋಸ್ಕರ ತಾವೇ ಹೊರಟರು," ಎಂದು ತಾತ ಕಣ್ಣೊರೆಸಿಕೊಂಡರಂತೆ.

ದಾರಿಯಲ್ಲಿ ಗ್ರಂಥಪಾಲಕರು ಎಲ್ಲ ಹೇಳಿದರು. "ಆಸ್ಪತ್ರೇಲಿ ಗಂಡನ ನಂಬರ್ ಬೇಕೇ ಬೇಕು ಅಂದ್ರಯ್ಯ. ನನ್ನ ಹತ್ರ ಇಲ್ಲವಲ್ಲ, ಬಾಯಿಗೆ ಬಂದದ್ದು ನಿನ್ನದು. ಆಮೇಲೆ ಮರೆತೇಹೋಯ್ತು." ತಲೆಯ ಮೇಲಿನ ಜೇಡರ ಬಲೆ ತೆಗೆದು ಬೆರಳಿಗೆ ಸುತ್ತಿದರು. "ಹಿಂದೆ ಎರಡು ಸಲ ಊರಿಗೆಲ್ಲ ಹೇಳಿದ್ವಿ. ಎರಡು ಸಲವೂ ಊರವರೆಲ್ಲ ಬಂದು ಸಮಾಧಾನ ಹೇಳಿ ಹೋದ್ರು. ಈ ಸಲ ಮಗು ಕೈಗೆ ಬರೋವರೆಗೂ ಯಾರಿಗೂ ಬೇಡ ಅಂದಿದಾಳೆ."

ತಾನು ಒತ್ತಿದ ಎರಡು ಎಂಬ ಅಂಕಿ ಮೆಲ್ಲಣ್ಣನ ಎದೆಗೆ ಚುಚ್ಚಿತು.

ಹಸಿರು ಗೇಟಿನ ಮನೆಯ ಪಕ್ಕದಲ್ಲಿ ಗೋಡೆ ಕೊರೆಯುವ ಯಂತ್ರ ಕಿರುಚುತ್ತಿತ್ತು. ಹಿತ್ತಲ ಕಡೆಯ ಕೋಣೆಯಲ್ಲಿ ಗ್ರಂಥಪಾಲಕರ ಹೆಂಡತಿ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಎಡ ಮಗ್ಗುಲಿಗೆ ಹಾಯಾಗಿ ನಿದ್ದೆ ಹೋಗಿದ್ದರು. ಫೋನು ಅಡುಗೆಮನೆಯಲ್ಲಿ ತರಕಾರಿ ಬುಟ್ಟಿಯೊಳಗಿತ್ತು. ಮೂವರು ತಮ್ಮ ಮುಖವನ್ನೇ ನೋಡುತ್ತ ನಿಂತದ್ದು ಕಂಡು ಅವರು ಬೆಚ್ಚಿ ಎದ್ದು, ಕಿವಿಯ ಹತ್ತಿ ಕಿತ್ತು, ನರ್ಸ್ ಕೇಳಿದ್ದಕ್ಕೆ "ಮಿಸುಕಾಡೋದಾ? ರಾತ್ರಿಯಿಂದ ಒದ್ದೂ ಒದ್ದೂ ಸಾಕುಮಾಡಿದೆ," ಎಂದರು.

ಆದರೂ ನರ್ಸ್ ಚೀಲದಿಂದ ಪುಟ್ಟ ಯಂತ್ರ ತೆಗೆದು ಹೊಟ್ಟೆಯ ಮೇಲಿಟ್ಟಳು. ಬಾಗಿಲಾಚೆ ಸರಿದು ನಿಂತಿದ್ದ ಮೆಲ್ಲಣ್ಣನಿಗೂ ಕೇಳಿಸಿತು. ಹೊಲಿಗೆ ಯಂತ್ರ ಓಡಿದ ಹಾಗೆ ಟಕಟಕ, ಟಕಟಕ. ಊರನ್ನೆಲ್ಲ ಸುಮ್ಮನಿರಿಸುತ್ತ ಕೂದಲು ಬೆಳ್ಳಗೆ ಮಾಡಿಕೊಂಡ ಗ್ರಂಥಪಾಲಕರು ಮೂಗು ಒರೆಸಿಕೊಳ್ಳುತ್ತ ಹೇಳಿದರು: "ಸಿಸ್ಟರ್, ಇನ್ನೂ ಸ್ವಲ್ಪ ಜೋರು ಮಾಡಿ."

ಹೊರಡುವಾಗ ಅವರ ಹೆಂಡತಿ ಮೆಲ್ಲಣ್ಣನನ್ನು ಕರೆದರು. "ಇನ್ನು ಎರಡು ತಿಂಗಳು ಕಣಪ್ಪ. ಅಲ್ಲೀವರೆಗೂ ಯಾರ ಹತ್ರಾನೂ ಬಾಯಿ ಬಿಡಬೇಡ." ಮೆಲ್ಲಣ್ಣ ಮಾತು ಕೊಟ್ಟ. ಆ ಹೊಟ್ಟೆ ನೋಡಿ ಇಲ್ಲವೆನ್ನಲು ಯಾರಿಗೆ ಮನಸ್ಸು ಬರುತ್ತದೆ?

ಗ್ರಂಥಾಲಯಕ್ಕೆ ಮರಳಿದಾಗ ಒಬ್ಬರೂ ಮನೆಗೆ ಹೋಗಿರಲಿಲ್ಲ. "ಎಲ್ಲ ಕ್ಷೇಮ," ಎಂದು ಗ್ರಂಥಪಾಲಕರು ಎಲ್ಲರಿಗೂ ಹೇಳಿ ತಮ್ಮ ಕೋಣೆ ಸೇರಿದರು. ಜನ ಮೆಲ್ಲಣ್ಣನ ಕೈ ಕುಲುಕಿದ್ದೇ ಕುಲುಕಿದ್ದು. ಇಲ್ಲ ಅಂದರೆ ಮತ್ಯಾರದು ಎಂದು ಕೇಳುತ್ತಾರೆ, ಹೌದು ಅನ್ನಲು ನಾಲಿಗೆ ಏಳದು. ಅವನು ನಕ್ಕ. ನಕ್ಕರೆ ತಂದೆಯ ನಾಚಿಕೆ ಅಂದುಕೊಂಡರು.

ಕೊನೆಗೆ ಮೇಡಂ ಬಂದಳು. "ಸಂತೋಷ ಆಯ್ತು," ಎಂದಳು. "ನನ್ನ ಪೆದ್ದುತನ ನೋಡಿ, ಇವತ್ತು ನೀವು ಇಸ್ತ್ರಿ ಅಂಗಿ ಹಾಕ್ಕೊಂಡು ಬಂದಿದ್ದು ಕಂಡು, ಸಂಜೆ ಕಾಫಿಗೆ ಕರೀತೀರೇನೋ ಅಂದ್ಕೊಂಡಿದ್ದೆ."

ಮೆಲ್ಲಣ್ಣನ ಜೀವ ಬಾಯಿಗೆ ಬಂತು. ಕೊಟ್ಟ ಮಾತೂ ಉಳಿಯಬೇಕು, ಮೇಡಮ್ಮೂ ಉಳಿಯಬೇಕು. ಹುಟ್ಟಿದಾಗಿನಿಂದ ಓಡದಷ್ಟು ವೇಗವಾಗಿ ಅವನ ತಲೆ ಓಡಿತು.

"ಎರಡೇ ತಿಂಗಳು ತಡೀರಿ ಮೇಡಂ," ಎಂದ. "ಹೆರಿಗೆ ಒಂದು ಆಗಿಬಿಡಲಿ. ಆಮೇಲೆ ಖಂಡಿತ ಕಾಫಿಗೆ ಹೋಗೋಣ. ಆಗ ನನಗೆ ಯಾವ ತೊಂದರೇನೂ ಇರಲ್ಲ."

ಮೇಡಂ ಅವನನ್ನು ಹೊಸದಾಗಿ ಕಂಡವಳಂತೆ ನೋಡಿದಳು. ಐವತ್ತು ಮಕ್ಕಳಿಗೆ ಒಟ್ಟಿಗೆ ಕತೆ ಹೇಳಿ ಪಳಗಿದ ಗಂಟಲು ಅವಳದು.

"ಹೆಂಡ್ತಿ ಬಾಣಂತನದಲ್ಲಿ ಮಲಗಿರುವಾಗ ನನ್ನ ಜೊತೆ ಕಾಫಿ ಕುಡೀತೀರಾ?"

ಮೂಲೆಯ ಮೇಜಿನವರಿಗೂ ಕೇಳಿಸಿತು. ಕುಲುಕಿದ ಕೈಗಳೆಲ್ಲ ಮೆಲ್ಲನೆ ಜೇಬು ಸೇರಿದವು. "ಪಾಪ, ಆ ಹೆಣ್ಣುಮಗಳ ಗತಿ," ಎಂದು ತಾತ ಇಲ್ಲದ ಹೆಂಡತಿಗಾಗಿ ಮರುಗಿದರು. ಮೇಡಂ ಗಾಜಿನ ಬಾಗಿಲನ್ನು ರಪ್ಪೆಂದು ಎಳೆದುಕೊಂಡಳು.

ಸದ್ದಿಗೆ ಗ್ರಂಥಪಾಲಕರು ಹೊರಬಂದರು. ತಾತ ಅವರಿಗೆ ವರದಿ ಒಪ್ಪಿಸಿದರು. ಅವರು ಎಲ್ಲರ ಎದುರಿಗೆ ಮೆಲ್ಲಣ್ಣನ ಹತ್ತಿರ ಬಂದು, "ಇಂಥ ನಡತೆ ನನ್ನ ಗ್ರಂಥಾಲಯದಲ್ಲಿ ನಡೆಯೋದಿಲ್ಲ, ತಿಳೀತಾ?" ಎಂದು ಗದರಿದರು. ಆಮೇಲೆ ಜನರಿಗೆ ಬೆನ್ನು ಮಾಡಿ, ಮೆಲ್ಲಣ್ಣನಿಗೆ ಮಾತ್ರ ಕಾಣುವಂತೆ, ಎದೆಯ ಹತ್ತಿರ ಎರಡೂ ಕೈ ಮುಗಿದರು.