ನೊರೆಯೊಳಗಿನ ಮೀಸೆ

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಮೀಸೆಯ ಬಾಯಿ.

ಮೀಸೆ ಎಂದರೆ ಚೌಕದ ಮೂಲೆಯ ಕ್ಷೌರದಂಗಡಿಯವನು. ಊರಿಗೆಲ್ಲ ಇರುವುದು ಅದೊಂದೇ ಕ್ಷೌರದಂಗಡಿ. ಮೂಗಿನ ಕೆಳಗೆ ಎರಡೂ ಕಡೆ ಹುರಿಗೊಳಿಸಿದ ಮೀಸೆಯನ್ನು ಅವನು ಎಣ್ಣೆ ಹಚ್ಚಿ, ಬಾಚಿ, ಮಕ್ಕಳಂತೆ ಸಾಕಿದ್ದ. ಅವನ ನಿಜವಾದ ಹೆಸರನ್ನು ಊರು ಮರೆತು ಎಷ್ಟೋ ಕಾಲವಾಗಿತ್ತು.

ರಸ್ತೆ ಅಗಲ ಮಾಡಲು ಆ ಅಂಗಡಿಯನ್ನು ಕೆಡವುವುದೆಂದು ಪುರಸಭೆ ತೀರ್ಮಾನಿಸಿತ್ತು. ಹಿಂದಿನ ವಾರ ಪುರಸಭೆಯ ಅಧ್ಯಕ್ಷರೇ ಬಂದು ಕುರ್ಚಿಗೆ ಒರಗಿದಾಗ, ಕತ್ತಿ ತನ್ನ ಕೈಯಲ್ಲಿದೆಯೆಂಬ ಧೈರ್ಯದ ಮೇಲೆ ಮೀಸೆ ತನ್ನ ಮನೆತನದ ಪ್ರೇಮಕತೆಯನ್ನು ಬಿಚ್ಚಿದ.

ಶತ್ರು ಸೈನಿಕರು ಊರನ್ನು ಹಿಡಿದಿದ್ದ ಕಾಲವದು. ಅವನ ಅಜ್ಜ ಆಗ ಹೋರಾಟಗಾರರಿಗೆ ಗುಟ್ಟಾಗಿ ಸುದ್ದಿ ಮುಟ್ಟಿಸುತ್ತಿದ್ದ ತರುಣ. ಒಂದು ಬೆಳಿಗ್ಗೆ ಸೈನಿಕರು ಬೆನ್ನು ಹತ್ತಿದಾಗ ಇದೇ ಅಂಗಡಿಗೆ ನುಗ್ಗಿದ. ಒಳಗಿದ್ದವಳು ಕ್ಷೌರಿಕನ ಮಗಳು, ಅಂದರೆ ಈಗಿನ ಅಜ್ಜಿ. ಅವಳು ಹಿಂದೆಮುಂದೆ ನೋಡದೆ ಅವನನ್ನು ಕುರ್ಚಿಗೆ ತಳ್ಳಿ, ಮುಖದ ತುಂಬ ಸೋಪಿನ ನೊರೆ ಮೆತ್ತಿದಳು. ಸೈನಿಕರು ಬಂದು ಬೆಂಚಿನ ಮೇಲೆ ಕೂತರು. ನೊರೆ ಆರಿದಂತೆಲ್ಲ ಅವಳು ಮತ್ತೆ ಹಚ್ಚಿದಳು. ಕೊನೆಗೆ ಊರು ಬಿಡುಗಡೆಯಾದ ಗಂಟೆ ಬಾರಿಸಿತು, ಸೈನಿಕರು ಕಾಲಿಗೆ ಬುದ್ಧಿ ಹೇಳಿದರು, ನೊರೆಯೊಳಗಿಂದ ಎದ್ದವನು ಅವಳನ್ನೇ ಮದುವೆಯಾದ.

ಅಧ್ಯಕ್ಷರ ಕಣ್ಣಲ್ಲಿ ನೀರು ಬಂತು. ಸ್ವಲ್ಪ ಸೋಪೂ ಹೋಗಿತ್ತು.

"ವಿಮೋಚನಾ ದಿನ ಇದನ್ನ ವೇದಿಕೆ ಮೇಲೆ ಆಡಿ ತೋರಿಸಿ," ಎಂದರು. "ಜನಕ್ಕೆ ಹಿಡಿಸಿದ್ರೆ ನಿಮ್ಮ ಅಂಗಡಿಯ ಒಂದು ಇಟ್ಟಿಗೆನೂ ಅಲ್ಲಾಡದ ಹಾಗೆ ನೋಡ್ಕೊಳ್ಳೋದು ನನ್ನ ಜವಾಬ್ದಾರಿ."

ಅಧ್ಯಕ್ಷರು ಆಡಿದ್ದನ್ನು ನಿಂತ ಕಾಲಲ್ಲೇ ಮಾಡಿ ಮುಗಿಸುವ ಮನುಷ್ಯ. ಮೀಸೆಯ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ವಿಮೋಚನಾ ದಿನ ಬೆಳಗಾಗುತ್ತಲೇ ನಾಟಕ ಬರೆದಿದ್ದ ನಿವೃತ್ತ ಮೇಷ್ಟ್ರು ಅಂಗಡಿಗೆ ಬಂದರು. ಅಜ್ಜನ ಪಾತ್ರ ಮಾಡಬೇಕಿದ್ದ ಮೀಸೆಯ ಮುಖವನ್ನೇ ದಿಟ್ಟಿಸಿ, "ಮೀಸೆ ಬೋಳಿಸಬೇಕಲ್ಲಪ್ಪ," ಎಂದರು.

"ಯಾಕೆ ಮೇಷ್ಟ್ರೇ?"

"ನಿಮ್ಮಜ್ಜನ ಮದುವೆ ಫೋಟೋ ನೋಡಿದೀನಿ. ಮೀಸೆ ಇಲ್ಲ. ಚರಿತ್ರೆಗೆ ಅಪಚಾರ ಆಗಬಾರದು."

"ತಲೆ ಬೇಕಾದ್ರೆ ಬೋಳಿಸ್ಕೋತೀನಿ. ಇದೊಂದನ್ನ ಕೇಳಬೇಡಿ."

ಅಲ್ಲೇ ಮೂಲೆಯಲ್ಲಿ ಕೂತಿದ್ದ ಅಜ್ಜಿ ಬಾಯಿಗೆ ಕೈ ಅಡ್ಡ ಇಟ್ಟು ಮುಸಿಮುಸಿ ನಕ್ಕಳು. ಹಳೆಯ ಕತೆಯ ಮಾತು ಬಂದಾಗಲೆಲ್ಲ ಅವಳು ಹೀಗೇ ನಗುತ್ತಿದ್ದಳು. ಅದು ನಾಚಿಕೆಯೆಂದು ಮನೆಯವರೆಲ್ಲ ತಿಳಿದಿದ್ದರು.

ಕರೆಯದೆಯೇ ಬಂದಿದ್ದ ಪಕ್ಕದ ಬೇಕರಿಯವನು ರಾಜಿ ಮಾಡಿಸಿದ. "ನೊರೆ ದಪ್ಪಗೆ ಬಳಿದ್ರಾಯ್ತು ಬಿಡಿ. ಒಳಗೆ ಮೀಸೆ ಇದ್ರೇನು, ಪೊರಕೆ ಇದ್ರೇನು, ಯಾರಿಗೆ ಕಾಣುತ್ತೆ?" ಹುಡುಗಿಯ ಪಾತ್ರ ಅವನ ಮಗಳದ್ದು. ಹಾಗಾಗಿ ಎಲ್ಲದರಲ್ಲೂ ಮೂಗು ತೂರಿಸುವ ಹಕ್ಕು ತನಗಿದೆಯೆಂದು ಅವನು ನಂಬಿದ್ದ.

ಅಂಗಡಿಯ ಕಬ್ಬಿಣದ ಕುರ್ಚಿಯೇ ವೇದಿಕೆಗೆ ಬೇಕೆಂದು ಮೇಷ್ಟ್ರು ಹಟ ಹಿಡಿದರು. ಹೊತ್ತು ಸಾಗಿಸುವಾಗ ಬೇಕರಿಯವನ ಕೈ ಜಾರಿತು, ಕುರ್ಚಿ ಮೆಟ್ಟಿಲಿಗೆ ಬಡಿಯಿತು, ಅದರ ಒರಗನ್ನು ತಡೆದು ನಿಲ್ಲಿಸುವ ಹಿಡಿ ಮುರಿಯಿತು. ನಾಟಕ ಶುರುವಾಗಿ ಮೀಸೆ ಕೂತದ್ದೇ ತಡ, ಒರಗು ಹಿಂದಕ್ಕೆ ಬಿದ್ದು ಅಲ್ಲೇ ಸಿಕ್ಕಿಕೊಂಡಿತು. ಅವನು ಕಾಲು ಮೇಲೆ ಮಾಡಿ ಆಕಾಶ ನೋಡುತ್ತ ಮಲಗಿದ. ಚೌಕದ ತುಂಬ ನೆರೆದ ಜನ ಇದೂ ನಾಟಕವೆಂದೇ ಚಪ್ಪಾಳೆ ತಟ್ಟಿದರು.

ಬಿಸಿಲಿಗೆ ನೊರೆ ಹಚ್ಚಿದಷ್ಟೂ ಆರುತ್ತಿತ್ತು, ಮೀಸೆಯ ತುದಿಗಳು ಹೊರಗೆ ಇಣುಕತೊಡಗಿದವು. ಬೇಕರಿಯವನು ಓಡಿಹೋಗಿ ಕೇಕಿಗೆ ಬಳಿಯುವ ಕೆನೆಯನ್ನು ಬೋಗುಣಿ ತುಂಬ ತಂದ.

"ಬೇಡ ಮಾರಾಯ," ಎಂದು ಮೀಸೆ ಬಾಯಿ ತೆರೆದ. ಅರ್ಧ ಬೋಗುಣಿ ಬಾಯಿಗೇ ಹೋಯಿತು. ಮೊದಲು ನೊಣ ಬಂದವು, ಹಿಂದೆಯೇ ಜೇನುಹುಳು ಬಂದವು. ಬೇಕರಿಯವನ ಮಗಳು ಬ್ರಷ್ ಎಸೆದು ಕಿರುಚುತ್ತ ವೇದಿಕೆಯಿಂದ ಹಾರಿದಳು. ಜನ ಬಿದ್ದು ಬಿದ್ದು ನಕ್ಕರು. ಅಧ್ಯಕ್ಷರು ನಗಲಿಲ್ಲ, ಗಡಿಯಾರ ನೋಡಿಕೊಂಡರು. ಅಂಗಡಿ ಕೈಬಿಟ್ಟು ಹೋಯಿತೆಂದು ಮೀಸೆಗೆ ಗೊತ್ತಾಯಿತು.

ಆಗ ಅಜ್ಜಿ ಮುಂದಿನ ಸಾಲಿನಿಂದ ಎದ್ದಳು. ಕೋಲೂರಿಕೊಂಡು ನಿಧಾನವಾಗಿ ವೇದಿಕೆ ಹತ್ತಿದಳು. ಅವನ ಕೆನ್ನೆಯಿಂದ ಬೆರಳಲ್ಲಿ ಒಂದಿಷ್ಟು ತೆಗೆದು ನೆಕ್ಕಿ, "ಸಕ್ಕರೆ ಜಾಸ್ತಿ," ಎಂದಳು. ಒದ್ದೆ ಬಟ್ಟೆಯಿಂದ ಅದನ್ನೆಲ್ಲ ಒರೆಸಿ, ಬಟ್ಟಲಲ್ಲಿ ಸೋಪು ಕಲಸಿ, ಹೊಸದಾಗಿ ನೊರೆ ಹಚ್ಚಿದಳು. ನಗು ತಾನಾಗಿ ನಿಂತಿತು.

ಅವಳು ಬಗ್ಗಿ ಕಿವಿಯ ಹತ್ತಿರ ಪಿಸುಗುಟ್ಟಿದಳು. "ಅಲ್ಲಾಡಬೇಡ. ಬೆಂಚಿನ ಮೇಲೆ ಇನ್ನೂ ಕೂತಿದಾರೆ."

ಅದು ಮೊಮ್ಮಗನಿಗೆ ಹೇಳಿದ ಮಾತಲ್ಲ. ಹುಟ್ಟಿದಾಗಿನಿಂದ ಕೇಳಿದ್ದ ಕತೆಯಲ್ಲಿ ಇಷ್ಟು ಭಯ ಇತ್ತೆಂದು, ಇಷ್ಟು ಪ್ರೀತಿ ಇತ್ತೆಂದು ಅವನಿಗೆ ಈಗಲೇ ತಿಳಿದದ್ದು.

"ಎಷ್ಟು ಹೊತ್ತು ಬರೀ ನೊರೆ ಹಚ್ತಿ ಅಂತ ಅವರಿಗೆ ಅನುಮಾನ ಬಂದಿದೆ," ಅಜ್ಜಿ ಇನ್ನೂ ಮೆಲ್ಲಗೆ ಹೇಳಿದಳು. "ಅವರು ಹುಡುಕ್ತಿರೋದು ಮೀಸೆ ಇರೋ ಹುಡುಗನ್ನ. ತೆಗೆದುಬಿಡ್ತೀನಿ."

ಇದು ಕತೆಯಲ್ಲಿ ಇರಲಿಲ್ಲ. ಮೀಸೆ ಕಣ್ಣು ತಿರುಗಿಸಿ ನೋಡುವಷ್ಟರಲ್ಲಿ ಕತ್ತಿ ಮೇಲ್ದುಟಿಗೆ ಬಂದಿತ್ತು. ಎದ್ದೋಡಲು ಕುರ್ಚಿ ಬಿಡದು, ಕೂಗೋಣವೆಂದರೆ ಅಜ್ಜಿಯ ಕೈ ನಡುಗುತ್ತಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಅಲ್ಲಾಡಬೇಡ ಎಂದು ಅವಳು ಹೇಳಿದ ಮೇಲೆ ಅಲ್ಲಾಡಲು ಅವನಿಗೆ ಮನಸ್ಸು ಬರಲಿಲ್ಲ. ಎಡಗಡೆಯ ಮೀಸೆ ಸದ್ದಿಲ್ಲದೆ ಇಳಿಯಿತು.

ಅದೇ ಹೊತ್ತಿಗೆ ಮೇಷ್ಟ್ರು ನಾಟಕದ ಗಂಟೆ ಬಾರಿಸಿದರು. ಅಜ್ಜಿ ಕತ್ತಿ ಕೆಳಗಿಟ್ಟು ಜನರ ಕಡೆ ತಿರುಗಿದಳು. "ಇಷ್ಟೇ ಆಗಿದ್ದು. ಅರ್ಧ ಆಗೋ ಹೊತ್ತಿಗೆ ಗಂಟೆ ಬಾರಿಸ್ತು. ನಾನು ಬೀದಿಗೆ ಓಡಿದೆ, ನನ್ನ ಹಿಂದೆ ನಮ್ಮನೆಯವರೂ ಓಡಿ ಬಂದ್ರು, ಅರ್ಧ ಮೀಸೆಲೇ."

ಚೌಕವಿಡೀ ಎದ್ದು ನಿಂತಿತು. ಅಧ್ಯಕ್ಷರು ಕಣ್ಣೊರೆಸಿಕೊಳ್ಳುತ್ತ ಮೈಕ್ ಹಿಡಿದರು. ಈ ಸಲ ಸೋಪಿನ ಹಂಗಿರಲಿಲ್ಲ. "ಈ ಕ್ಷಣದಿಂದ ಆ ಅಂಗಡಿ ನಮ್ಮೂರಿನ ಸ್ಮಾರಕ. ರಸ್ತೆ ಬೇಕಾದ್ರೆ ಪಕ್ಕಕ್ಕೆ ಸರಿಯಲಿ, ಅಂಗಡಿ ಸರಿಯಲ್ಲ." ಮುಂದೆಯೂ ಏನೋ ಹೇಳಿದರು, ಚಪ್ಪಾಳೆಯ ಗದ್ದಲದಲ್ಲಿ ಮೀಸೆಗೆ ಕೇಳಿಸಲಿಲ್ಲ.

ನಾಲ್ಕು ಜನ ಸೇರಿ ಅವನನ್ನು ಕುರ್ಚಿಯಿಂದ ಎಳೆದರು. ಅಭಿನಂದಿಸಲು ಬಂದವರಿಗೆಲ್ಲ ಅವನು ಒಂದು ಕೈ ಕೊಟ್ಟು, ಇನ್ನೊಂದನ್ನು ಬಾಯಿಗೆ ಅಡ್ಡ ಹಿಡಿದ. ಹೋದ ಮೀಸೆ ಬೆಳೆದೀತು, ಅಂಗಡಿ ಉಳಿಯಿತಲ್ಲ ಎಂದು ಸಮಾಧಾನ ತಂದುಕೊಂಡ. ಸಂಜೆ ಜನ ಕರಗಿದ ಮೇಲೆ, ಉಳಿದರ್ಧವನ್ನೂ ತೆಗೆದುಬಿಡೋಣವೆಂದು ಓಡೋಡಿ ಬಂದ.

ಅಂಗಡಿಯ ಬಾಗಿಲಿಗೆ ಕೆಂಪು ರಿಬ್ಬನ್ ಕಟ್ಟಿತ್ತು. ಅದರ ಮೇಲೆ ಹೊಸ ಬೀಗ ಬಿದ್ದಿತ್ತು. ವೇದಿಕೆಯಿಂದ ತಂದ ಕುರ್ಚಿ, ಕತ್ತಿ, ಸೋಪಿನ ಬಟ್ಟಲು ಎಲ್ಲವನ್ನೂ ಗಾಜಿನೊಳಗೆ ಸಾಲಾಗಿ ಜೋಡಿಸಿದ್ದರು. ಹೊರಗೆ ಸ್ಟೂಲ್ ಮೇಲೆ ಪುರಸಭೆಯ ಕಾವಲುಗಾರ ಕೂತಿದ್ದ, ಪಕ್ಕದಲ್ಲಿ ಅಜ್ಜಿ.

"ಬಾಗಿಲು ತೆಗೆಯಪ್ಪ, ಒಂದು ನಿಮಿಷ," ಎಂದ ಮೀಸೆ. "ಇದು ನನ್ನ ಅಂಗಡಿ."

"ಆಗಿತ್ತು. ಇನ್ಮೇಲೆ ಒಳಗಿನ ಒಂದು ಬಾಚಣಿಗೆನೂ ಯಾರೂ ಮುಟ್ಟೋ ಹಾಗಿಲ್ಲ ಅಂತ ಅಧ್ಯಕ್ಷರು ಆಗಲೇ ಮೈಕಲ್ಲಿ ಹೇಳಿದ್ರಲ್ಲ."

ಮೀಸೆಯ ಕೈ ಬಾಯಿಂದ ಜಾರಿ ಕೆಳಗೆ ಬಿತ್ತು. ಅಜ್ಜಿ ಅವನ ಮುಖ ನೋಡಿ ಬಾಯಿಗೆ ಕೈ ಅಡ್ಡ ಇಟ್ಟಳು. "ನಿಮ್ಮಜ್ಜನೂ ಆವತ್ತು ಸಂಜೆ ಹೀಗೇ ಬಂದು ನಿಂತಿದ್ರು, ಉಳಿದಿದ್ದನ್ನೂ ತೆಗಿ ಅಂತ. ಮದುವೆ ದಿನದವರೆಗೂ ನಾನು ತೆಗೀಲಿಲ್ಲ."

ಕಾವಲುಗಾರನಿಗೆ ಪಾಪ ಅನಿಸಿತು. "ಯಾಕಣ್ಣ ಇಷ್ಟು ಯೋಚನೆ?" ಎಂದ. "ಬೇರೆ ಕ್ಷೌರದಂಗಡಿಗೆ ಹೋಗಿ."

ಊರಿನಲ್ಲಿ ಬೇರೆ ಕ್ಷೌರದಂಗಡಿ ಇರಲಿಲ್ಲ.